ವೋಟಿಂಗ್ ಮೆಷಿನ್ ಕೊಳ್ಳುವ ಕೌಂಟಿ ಕರಾರಿನಲ್ಲಿ ಏನೇನು ಬರೆಸಿಕೊಳ್ಳಬೇಕು?

ಪ್ರಶ್ನೆ: ಸರ್, ನಾನು ಮೂಲತಃ ಹಾಸನದವಳು. ಈಗ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದೇನೆ, ಇಲ್ಲಿನ ಪೌರತ್ವವೂ ಸಿಕ್ಕಿದೆ. ನಮ್ಮ ಕೌಂಟಿ (ನಮ್ಮೂರ ಜಿಲ್ಲೆ ಇದ್ದ ಹಾಗೆ) 2019ರಲ್ಲಿ ಕೊಂಡ ವೋಟಿಂಗ್ ಮೆಷಿನ್‌ಗಳನ್ನು ಬದಲಿಸಲು ಹೊರಟಿದೆ. ಕಮಿಷನರ್‌ಗಳು ನಾಗರಿಕರ ಸಲಹಾ ಸಮಿತಿ ಮಾಡಿ ನನ್ನನ್ನೂ ಸೇರಿಸಿಕೊಂಡಿದ್ದಾರೆ. ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು, ಕಾನೂನು ಗೊತ್ತಿಲ್ಲ. ಕಂಪನಿಯವರು ಕರಾರಿನ ಕರಡನ್ನು ತಾವೇ ಕಳಿಸಿದ್ದಾರೆ. ‘ಮೆಷಿನ್‌ಗೆ ಫೆಡರಲ್ ಸರ್ಟಿಫಿಕೇಟ್ ಇದೆ, ಕರಾರು ಬರೀ ಫಾರ್ಮಾಲಿಟಿ’ ಅಂತ ಸಮಿತಿಯಲ್ಲಿ ಕೆಲವರು ಹೇಳುತ್ತಾರೆ. ನಿಜವಾ? ನಾನು ಯಾವ್ಯಾವುದನ್ನು ನೋಡಬೇಕು? ಕೊಳ್ಳುವುದು ಒಳ್ಳೆಯದೋ, ಲೀಸಿಗೆ ತೆಗೆದುಕೊಳ್ಳುವುದೋ?

ಉತ್ತರ: ಫಾರ್ಮಾಲಿಟಿ ಅಲ್ಲ ಮೇಡಂ. ಲ್ಯಾಬಿನಲ್ಲಿ ಒಂದು ಮಾದರಿ ಮೆಷಿನ್ ಸರಿಯಾಗಿ ಕೆಲಸ ಮಾಡಿತು ಅಂತಷ್ಟೇ ಸರ್ಟಿಫಿಕೇಟ್ ಹೇಳುತ್ತದೆ. ನಿಮ್ಮ ಕೌಂಟಿಗೆ ಬಂದ ಮೆಷಿನ್ ನವೆಂಬರ್‌ನ ಚುನಾವಣೆ ರಾತ್ರಿ ಕೈಕೊಟ್ಟರೆ ಯಾರು ಓಡಿ ಬರಬೇಕು, ತಪ್ಪು ಎಲ್ಲಾಯಿತು ಅಂತ ಯಾರು ಬಾಯಿಬಿಡಬೇಕು, ಖರ್ಚು ಯಾರು ಕೊಡಬೇಕು, ಮೆಷಿನ್ ಬಿಚ್ಚಿ ನೋಡುವ ಹಕ್ಕು ಯಾರದು? ಇದ್ಯಾವುದೂ ಸರ್ಟಿಫಿಕೇಟ್‌ನಲ್ಲಿ ಇರಲ್ಲ. ಕರಾರಿನಲ್ಲಿ ಬರೆಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಅದೂ ಸಹಿ ಬೀಳುವ ಮುಂಚೆ. ಸಹಿಯಾದ ಮೇಲೆ ಕೌಂಟಿಗೆ ಹಿಡಿತ ಉಳಿಯಲ್ಲ, ಯಾಕೆಂದರೆ ಈ ವ್ಯಾಪಾರದಲ್ಲಿ ಬೇರೆ ಅಂಗಡಿಗೆ ಹೋಗುವುದು ಸುಲಭವಲ್ಲ.

ನಮ್ಮ ಕಡೆಯಿಂದ ಹೋದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಭಾರತದಲ್ಲಿ ವಿಧಾನಸಭೆ, ಲೋಕಸಭೆ ಚುನಾವಣೆಯ ಇವಿಎಂಗಳನ್ನು ಚುನಾವಣಾ ಆಯೋಗವೇ ತರಿಸಿಕೊಳ್ಳುತ್ತದೆ. ಮಾಡಿಕೊಡುವುದು ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್, ಎರಡೂ ಸರ್ಕಾರಿ ಕಂಪನಿಗಳು. ಹಾಸನದ ಜಿಲ್ಲಾಧಿಕಾರಿ ಯಾವ ಕಂಪನಿಯ ಜೊತೆಗೂ ಕೂತು ಚೌಕಾಸಿ ಮಾಡಬೇಕಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಬಹಳಷ್ಟು ರಾಜ್ಯಗಳಲ್ಲಿ ಕೊಳ್ಳುವುದು ಕೌಂಟಿ. ಮಾರುವುದು ಖಾಸಗಿ ಕಂಪನಿ. ಒಂದೆರಡು ಕಾಯಂ ಸಿಬ್ಬಂದಿ ಇರುವ ಚುನಾವಣಾ ಕಚೇರಿ ಒಂದು ಕಡೆ, ದೇಶದ ತುಂಬ ಇದೇ ಕರಾರು ಬರೆದು ಪಳಗಿದ ವಕೀಲರು ಇನ್ನೊಂದು ಕಡೆ. ಒಮಾಹಾದ ಇಎಸ್ ಅಂಡ್ ಎಸ್, ಆಸ್ಟಿನ್‌ನ ಹಾರ್ಟ್ ಇಂಟರ್‌ಸಿವಿಕ್, ಮೊನ್ನೆಮೊನ್ನೆವರೆಗೆ ಡೊಮಿನಿಯನ್ ಅಂತಿದ್ದು 2025ರ ಅಕ್ಟೋಬರ್‌ನಲ್ಲಿ ಕೈಬದಲಾಗಿ ಲಿಬರ್ಟಿ ವೋಟ್ ಆದ ಕಂಪನಿ. ಮಾರುಕಟ್ಟೆಯ ಬಹುಪಾಲು ಈ ಮೂವರದ್ದೇ.

ಫೆಡರಲ್ ಸರ್ಟಿಫಿಕೇಟ್ ಬಗ್ಗೆ ಇನ್ನೊಂದು ಮಾತು. 2002ರ ಹೆಲ್ಪ್ ಅಮೆರಿಕ ವೋಟ್ ಕಾಯ್ದೆ ಬಂದಾಗ ಎಲೆಕ್ಷನ್ ಅಸಿಸ್ಟೆನ್ಸ್ ಕಮಿಷನ್ ಹುಟ್ಟಿತು. ಮಾನದಂಡ ಬರೆಯುವುದು, ಪರೀಕ್ಷೆ ಮಾಡುವ ಖಾಸಗಿ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವುದು ಅದರ ಕೆಲಸ. ಆ ಮಾನದಂಡದ ಹೆಸರಿನಲ್ಲೇ ‘ಸ್ವಯಂಪ್ರೇರಿತ’ ಅನ್ನುವ ಪದ ಇದೆ. ಅದನ್ನು ಕಡ್ಡಾಯ ಮಾಡುವುದು ಬಿಡುವುದು ರಾಜ್ಯಕ್ಕೆ ಬಿಟ್ಟದ್ದು. ನಿಮ್ಮ ರಾಜ್ಯದಲ್ಲಿ ಕಡ್ಡಾಯ, ಜೊತೆಗೆ ರಾಜ್ಯದ ಕಾರ್ಯದರ್ಶಿಯ ಒಪ್ಪಿಗೆಯೂ ಬೇಕು. ಈಗಿನ ಮಾನದಂಡ 2.0, 2021ರ ಫೆಬ್ರವರಿಯಲ್ಲಿ ಅಂಗೀಕಾರವಾದದ್ದು. ಅದಕ್ಕಿಂತ ಮುಂಚಿನ ಮಾನದಂಡದ ಸರ್ಟಿಫಿಕೇಟ್ ಇರುವ ಮಾದರಿಗಳೂ ಬಳಕೆಯಲ್ಲಿವೆ. ನಿಮಗೆ ತೋರಿಸುತ್ತಿರುವುದು ಯಾವುದಕ್ಕೆ ಪಾಸಾಗಿದೆ ಅಂತ ಮೊದಲು ಕೇಳಿ.

ಈಗ ಕರಡಿಗೆ ಬರೋಣ. ಕಂಪನಿ ಕಳಿಸಿದ ಕರಡನ್ನು ತಿದ್ದುತ್ತಾ ಕೂರಬೇಡಿ. ಕೌಂಟಿಯ ವಕೀಲರಿಗೆ ಹೇಳಿ ಕೌಂಟಿಯದ್ದೇ ಕರಾರು ಬರೆಸಿ, ಅದನ್ನು ಟೆಂಡರ್ ಜೊತೆಗೇ ಎಲ್ಲ ಕಂಪನಿಗಳಿಗೂ ಕೊಡಿ. ‘ಈ ಷರತ್ತುಗಳಿಗೆ ಒಪ್ಪಿ ಬೆಲೆ ಹೇಳಿ’ ಅನ್ನಿ. ಪೈಪೋಟಿ ಇರುವಾಗ ಒಪ್ಪಿದ್ದನ್ನು ಗೆದ್ದ ಮೇಲೆ ಕೇಳಿದರೆ ಯಾರೂ ಒಪ್ಪಲ್ಲ. ಜೊತೆಗೆ, ಟೆಂಡರ್‌ಗೆ ಕಂಪನಿ ಕೊಟ್ಟ ಉತ್ತರ, ಡೆಮೊ ದಿನ ಹೇಳಿದ ಮಾತು, ಕೈಗೆ ಕೊಟ್ಟ ಬ್ರೋಷರ್, ಎಲ್ಲವೂ ಕರಾರಿನ ಭಾಗ ಅಂತ ಒಂದು ಕಲಮು ಹಾಕಿಸಿ. ಕಂಪನಿಯ ಕರಡಿನಲ್ಲಿ ಸಾಮಾನ್ಯವಾಗಿ ಇದಕ್ಕೆ ಉಲ್ಟಾ ಇರುತ್ತದೆ: ‘ಈ ಪತ್ರದಲ್ಲಿ ಇರುವುದಷ್ಟೇ ಒಪ್ಪಂದ, ಹಿಂದೆ ಆಡಿದ ಮಾತಿಗೆ ಬೆಲೆಯಿಲ್ಲ’ ಅಂತ. ಬೆಂಗಳೂರಿನಲ್ಲಿ ಫ್ಲಾಟ್ ತೆಗೆದುಕೊಂಡವರಿಗೆ ಇದು ಗೊತ್ತು. ಈಜುಕೊಳ ಬ್ರೋಷರಿನಲ್ಲಿರುತ್ತದೆ, ಅಗ್ರಿಮೆಂಟಿನಲ್ಲಿ ಇರಲ್ಲ.

ಇದು ಯಾಕೆ ಮುಖ್ಯ ಅಂತ ತಿಳಿಯಲು ನಾರ್ತ್ ಕೆರೊಲಿನಾದ ಕಾರ್ಟರೆಟ್ ಕೌಂಟಿಯ ಕತೆ ಕೇಳಿ. 2004ರ ನವೆಂಬರ್. ಚುನಾವಣೆ ದಿನಕ್ಕೆ ಮೊದಲೇ ಬಂದು ವೋಟು ಹಾಕುವವರಿಗೆ ಅಲ್ಲಿ ಯುನಿಲೆಕ್ಟ್ ಕಂಪನಿಯ ಕಾಗದವಿಲ್ಲದ ಮೆಷಿನ್ ಇಟ್ಟಿದ್ದರು. ಒಂದು ಮೆಮೊರಿ ಘಟಕದಲ್ಲಿ 10,500 ಮತ ಹಿಡಿಸುತ್ತದೆ ಅಂತ ಕಂಪನಿ ಹೇಳಿತ್ತು ಅನ್ನುವುದು ಅಧಿಕಾರಿಗಳ ಹೇಳಿಕೆ. ನಿಜವಾಗಿ ಹಿಡಿಸುತ್ತಿದ್ದದ್ದು 3,005. ಅದು ತುಂಬಿದ ಮೇಲೂ ಮೆಷಿನ್ ನಿಲ್ಲಲಿಲ್ಲ. ಜನ ಬಂದರು, ಒತ್ತಿದರು, ಹೋದರು. 4,400ಕ್ಕೂ ಹೆಚ್ಚು ಮತಗಳು ಎಲ್ಲೂ ದಾಖಲಾಗಲೇ ಇಲ್ಲ. ಕಾಗದ ಇಲ್ಲದ್ದರಿಂದ ಮತ್ತೆ ಎಣಿಸಲು ಏನೂ ಇರಲಿಲ್ಲ. ರಾಜ್ಯದ ಕೃಷಿ ಕಮಿಷನರ್ ಹುದ್ದೆಯ ಸ್ಪರ್ಧೆಯಲ್ಲಿ ಇಬ್ಬರ ನಡುವಿನ ಅಂತರ ಸುಮಾರು 2,300 ಮತ ಮಾತ್ರ. ಹಾಗಾಗಿ ಈ ಕಳೆದುಹೋದ ಮತಗಳೇ ಫಲಿತಾಂಶ ಬದಲಿಸಬಹುದಿತ್ತು. ಫೆಬ್ರವರಿಯಲ್ಲಿ ಒಬ್ಬ ಅಭ್ಯರ್ಥಿ ತಾನಾಗಿ ಸೋಲೊಪ್ಪಿಕೊಳ್ಳುವವರೆಗೂ ಅದು ಬಗೆಹರಿಯಲಿಲ್ಲ.

ಈ ಪೆಟ್ಟು ತಿಂದ ರಾಜ್ಯ 2005ರಲ್ಲಿ ಕಾನೂನನ್ನೇ ಬದಲಿಸಿತು. ಕರಾರಿನಲ್ಲಿ ಏನಿರಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಓದಿಸುವುದು ಆ ಕಾನೂನನ್ನೇ. ಅದರ ಪ್ರಕಾರ ಕಂಪನಿ ಬಾಂಡ್ ಅಥವಾ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ (ಹಣ ಕೊಡುತ್ತೇವೆ ಅನ್ನುವ ಬ್ಯಾಂಕಿನ ಖಾತರಿ ಪತ್ರ) ಇಡಬೇಕು. ಮೆಷಿನ್ ದೋಷದಿಂದ ಮರುಚುನಾವಣೆ ಮಾಡಬೇಕಾಗಿ ಬಂದರೆ ಆ ಖರ್ಚೂ ಅದರಿಂದಲೇ ವಸೂಲಾಗಬೇಕು. ಮೆಷಿನ್‌ಗೆ ರಾಜ್ಯದ ತುಂಬ ಒಂದೇ ದರ ಹೇಳಬೇಕು. ದೊಡ್ಡ ಕೌಂಟಿಗೊಂದು ಸಣ್ಣ ಕೌಂಟಿಗೊಂದು ಅಲ್ಲ. ಕೌಂಟಿ ಖರೀದಿಗೆ ಶಿಫಾರಸು ಮಾಡುವ ಮೊದಲು ಡೆಮೊ ಅದೇ ಕೌಂಟಿಯಲ್ಲಿ ಆಗಬೇಕು, ಒಂದು ನಿಜವಾದ ಚುನಾವಣೆಯಲ್ಲಿ ಕಡೇಪಕ್ಷ ಒಂದು ಮತಗಟ್ಟೆಯಲ್ಲಿ ಬಳಸಿ ನೋಡಬೇಕು. ಸೋರ್ಸ್ ಕೋಡನ್ನು, ಅಂದರೆ ಸಾಫ್ಟ್‌ವೇರ್‌ನ ಮೂಲ ಬರಹವನ್ನು, ಮೂರನೆಯವರ ಬಳಿ ಠೇವಣಿ ಇಡಬೇಕು. ಇಟ್ಟದ್ದೂ ಬಳಸುತ್ತಿರುವುದೂ ಒಂದೇ ಅಂತ ಕಂಪನಿಯ ಮುಖ್ಯಸ್ಥರೇ ಪ್ರಮಾಣ ಮಾಡಬೇಕು. ತಪ್ಪಿದರೆ ಒಂದೊಂದು ಉಲ್ಲಂಘನೆಗೆ 1 ಲಕ್ಷ ಡಾಲರ್‌ವರೆಗೆ ದಂಡ. ಆಗ ವೋಟಿಂಗ್ ಮೆಷಿನ್ ಮಾರುತ್ತಿದ್ದ ಡೀಬೋಲ್ಡ್ ಕಂಪನಿ ಕೋರ್ಟಿಗೆ ಹೋಗಿ ವಿನಾಯಿತಿ ಕೇಳಿತು. ಸಿಗಲಿಲ್ಲ. ರಾಜ್ಯವನ್ನೇ ಬಿಟ್ಟು ಹೋಯಿತು. ‘ಇಷ್ಟೊಂದು ಬಿಗಿ ಮಾಡಿದರೆ ಯಾರೂ ಮಾರಲು ಬರಲ್ಲ’ ಅಂತ ನಿಮ್ಮ ಸಮಿತಿಯಲ್ಲಿ ಯಾರಾದರೂ ಹೆದರಿಸಬಹುದು. ಒಂದು ಕಂಪನಿ ಹೋಯಿತು ನಿಜ, ಆದರೆ ರಾಜ್ಯಕ್ಕೆ ಮೆಷಿನ್ ಸಿಗದೇ ಇರಲಿಲ್ಲ.

ನಿಮ್ಮದು ಬೇರೆ ರಾಜ್ಯ, ಆ ಕಾನೂನು ನಿಮಗೆ ಅನ್ವಯಿಸಲ್ಲ. ಆದರೆ ಅದರ ಒಂದೊಂದು ವಾಕ್ಯವನ್ನೂ ಕರಾರಿಗೆ ಎತ್ತಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ನಷ್ಟ ತುಂಬಿಕೊಡುವ ಕಲಮನ್ನು ನೀವೇ ಕೂತು ಓದಿ. ಕಂಪನಿಯ ಕರಡಿನಲ್ಲಿ ‘ನಮ್ಮ ಒಟ್ಟು ಜವಾಬ್ದಾರಿ ನೀವು ಕೊಟ್ಟ ಹಣವನ್ನು ಮೀರದು, ಪರೋಕ್ಷ ನಷ್ಟಕ್ಕೆ ನಾವು ಹೊಣೆಯಲ್ಲ’ ಅಂತ ಇರುವುದು ಮಾಮೂಲು. ಓದಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಮರು ಎಣಿಕೆ, ಮರುಚುನಾವಣೆ, ಕೋರ್ಟ್ ಕೇಸು ಇವೆಲ್ಲ ಅವರ ಲೆಕ್ಕದಲ್ಲಿ ‘ಪರೋಕ್ಷ’. ಮೆಷಿನ್ ಕೆಟ್ಟಾಗ ಕೌಂಟಿಗೆ ಆಗುವ ನಷ್ಟ ಇದೇ ಅಲ್ವಾ? ಹಾಗಾಗಿ ಇವನ್ನು ಹೆಸರಿಟ್ಟು ‘ನೇರ ನಷ್ಟ’ ಅಂತ ಬರೆಸಿ. ವ್ಯಾಜ್ಯ ಯಾವ ಕೋರ್ಟಿನಲ್ಲಿ ಅನ್ನುವುದನ್ನೂ ಅಲ್ಲೇ ನೋಡಿ. ಕಂಪನಿಯ ಊರಿನ ಕೋರ್ಟ್ ಅಂತಿದ್ದರೆ ಹೊಡೆದುಹಾಕಿ.

ಇನ್ನು ವರ್ಷನ್ ನಂಬರ್. ಇದು ಸಣ್ಣ ವಿಷಯ ಅನ್ನಿಸುತ್ತದೆ, ಹಾಗಲ್ಲ. ಸರ್ಟಿಫಿಕೇಟ್ ಸಿಗುವುದು ‘ಈ ಹಾರ್ಡ್‌ವೇರ್, ಈ ಸಾಫ್ಟ್‌ವೇರ್ ವರ್ಷನ್’ ಅನ್ನುವ ಒಂದು ಜೋಡಣೆಗೆ. ಕಂಪನಿಗೆ ಅಲ್ಲ, ಮಾದರಿಯ ಹೆಸರಿಗೂ ಅಲ್ಲ. 2019ರಲ್ಲಿ ಅದೇ ನಾರ್ತ್ ಕೆರೊಲಿನಾದಲ್ಲಿ ಇಎಸ್ ಅಂಡ್ ಎಸ್‌ನ 5.2.2.0 ವರ್ಷನ್‌ಗೆ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ನೋಡಿದರೆ ಎಲ್ಲ ಕೌಂಟಿಗೂ ಸಾಕಾಗುವಷ್ಟು ಆ ಸರಕು ಕಂಪನಿಯ ಬಳಿ ಇಲ್ಲ! ಬದಲಿಗೆ 5.2.4.0 ಕೊಡುತ್ತೇವೆ ಅಂದರು. ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ತಲೆ ಮೇಲಿತ್ತು. ರಾಜ್ಯದ ಚುನಾವಣಾ ಮಂಡಳಿ ಡಿಸೆಂಬರ್‌ನಲ್ಲಿ ಒಡೆದ ಮತದಿಂದಲೇ ಒಪ್ಪಿಕೊಂಡಿತು. ಹೊಸ ವರ್ಷನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ಬೇಡ ಅನ್ನುವ ಆಯ್ಕೆಯೇ ಉಳಿದಿರಲಿಲ್ಲ. ಕರಾರಿನಲ್ಲಿ ವರ್ಷನ್ ನಂಬರ್ ಬರೆಸಿ, ಅಷ್ಟು ಸರಕು ಕೈಯಲ್ಲಿದೆ ಅಂತ ಲಿಖಿತವಾಗಿ ತೆಗೆದುಕೊಳ್ಳಿ, ಬದಲಾವಣೆಗೆ ಕೌಂಟಿಯ ಒಪ್ಪಿಗೆ ಬೇಕು ಅನ್ನಿ, ಬದಲಾದರೆ ಮತ್ತೆ ಪರೀಕ್ಷಿಸುವ ಖರ್ಚು ಅವರದ್ದು ಅನ್ನಿ.

ಸರಕು ಬಂದ ದಿನ ಏನು ಮಾಡಬೇಕು ಅನ್ನುವುದನ್ನೂ ಕರಾರೇ ಹೇಳಬೇಕು. ಲ್ಯಾಬ್‌ನಲ್ಲಿ ಕೆಲಸ ಮಾಡುವ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ಅನಲೈಜರ್ ಬಂದರೆ ಗೊತ್ತಿರುವ ಸ್ಯಾಂಪಲ್ ಹಾಕಿ ನೋಡದೆ ರೋಗಿಯ ರಕ್ತ ಹಾಕುತ್ತೀರಾ? ಇಲ್ಲೂ ಅಷ್ಟೇ. ಒಂದೊಂದು ಪೆಟ್ಟಿಗೆ ಒಡೆದು ಸೀರಿಯಲ್ ನಂಬರನ್ನು ಪಟ್ಟಿಯ ಜೊತೆ ತಾಳೆ ನೋಡಬೇಕು. ಒಳಗಿರುವ ಸಾಫ್ಟ್‌ವೇರ್‌ನ ಹ್ಯಾಶ್ (ಸಾಫ್ಟ್‌ವೇರ್‌ನ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು) ತೆಗೆದು, ಸರ್ಟಿಫಿಕೇಟ್ ಪಡೆದ ಪ್ರತಿಯ ಹ್ಯಾಶ್ ಜೊತೆ ಹೋಲಿಸಬೇಕು. ಒಂದು ಅಕ್ಷರ ಬೇರೆಯಿದ್ದರೂ ಆ ಮೆಷಿನ್ ವಾಪಸ್. ಆಮೇಲೆ ಉತ್ತರ ಮೊದಲೇ ಗೊತ್ತಿರುವ ಪರೀಕ್ಷಾ ಮತಪತ್ರಗಳ ಕಟ್ಟನ್ನು ಓಡಿಸಬೇಕು. ಆ ಕಟ್ಟಿನಲ್ಲಿ ಎರಡು ಕಡೆ ಗುರುತು ಹಾಕಿದ್ದು, ಖಾಲಿ ಬಿಟ್ಟಿದ್ದು, ಅರ್ಧಂಬರ್ಧ ತುಂಬಿದ್ದು ಎಲ್ಲ ಇರಲಿ. ಮಡಿಚಿದ್ದಂತೂ ಇರಲೇಬೇಕು. 2020ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ವಿಂಡಮ್ ಪಟ್ಟಣದಲ್ಲಿ ಅಂಚೆಯಲ್ಲಿ ಕಳಿಸುವ ಮತಪತ್ರಗಳನ್ನು ಮಡಿಚುವ ಮೆಷಿನ್‌ನಲ್ಲಿ ಮಡಿಚಿದ್ದರು. ಮಡಿಕೆಯ ಗೆರೆ ಒಬ್ಬ ಅಭ್ಯರ್ಥಿಯ ಹೆಸರಿನ ಮುಂದಿನ ವೃತ್ತದ ಮೇಲೇ ಬಿತ್ತು. ಸ್ಕ್ಯಾನರ್ ಅದನ್ನೇ ಮತ ಅಂದುಕೊಂಡಿತು. ಕೈಯಲ್ಲಿ ಎಣಿಸಿದಾಗ ಲೆಕ್ಕ ನೂರಾರು ಮತಗಳಷ್ಟು ಬೇರೆ ಬಂತು. ನೆಟ್ಟಗಿರುವ ಹಾಳೆಯಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಇದು ಸಿಕ್ಕಿಬೀಳಲ್ಲ.

ಈ ಪರೀಕ್ಷೆ ಎಲ್ಲ ಮೆಷಿನ್‌ಗೂ ಮುಗಿದು ಕೌಂಟಿ ಲಿಖಿತವಾಗಿ ಒಪ್ಪುವವರೆಗೆ ಹಣದ ದೊಡ್ಡ ಪಾಲು ಹಿಡಿದಿಟ್ಟುಕೊಳ್ಳಿ. ಇನ್ನೊಂದು ಪಾಲನ್ನು ಮೊದಲ ಚುನಾವಣೆ ಸುಸೂತ್ರವಾಗಿ ಮುಗಿದ ಮೇಲೆ ಕೊಡಿ. ಡೆಲಿವರಿಯ ದಿನವೇ ಪೂರ್ತಿ ಹಣ ಅಂತ ಬರೆದಿದ್ದರೆ ಅದು ಕಂಪನಿಗೆ ಅನುಕೂಲ, ನಿಮಗೆ ಅಲ್ಲ.

ನಿಮ್ಮ ರಾಜ್ಯದ್ದೇ ನಾರ್ತಾಂಪ್ಟನ್ ಕೌಂಟಿಯ ಹೆಸರು ಸಮಿತಿಯಲ್ಲಿ ಬಂದೇ ಬರುತ್ತದೆ. 2019ರ ನವೆಂಬರ್‌ನಲ್ಲಿ, ಹೊಸ ಟಚ್‌ಸ್ಕ್ರೀನ್ ಮೆಷಿನ್‌ಗಳ ಮೊದಲ ಚುನಾವಣೆಯಲ್ಲೇ, ನ್ಯಾಯಾಧೀಶ ಹುದ್ದೆಯ ಒಬ್ಬ ಅಭ್ಯರ್ಥಿಗೆ ಸುಮಾರು 55,000 ಮತಪತ್ರಗಳಲ್ಲಿ ಬರೀ 164 ಮತ ಅಂತ ಮೆಷಿನ್ ತೋರಿಸಿತು. ಅದೃಷ್ಟಕ್ಕೆ ಮೆಷಿನ್ ಕಾಗದವನ್ನೂ ಮುದ್ರಿಸುತ್ತಿತ್ತು. ರಾತ್ರಿಯೆಲ್ಲ ಕೂತು ಕಾಗದ ಎಣಿಸಿದರೆ ಆ ಅಭ್ಯರ್ಥಿ ಗೆದ್ದಿದ್ದರು! ಸೆಟ್ಟಿಂಗ್ ತಪ್ಪಾಗಿತ್ತು, ಮುಂಚಿನ ಪರೀಕ್ಷೆ ಸಾಲದಾಗಿತ್ತು ಅಂತ ಕಂಪನಿ ಒಪ್ಪಿಕೊಂಡಿತು. 2023ರಲ್ಲಿ ಅಲ್ಲೇ ಮತ್ತೊಂದು ಎಡವಟ್ಟು. ಇಬ್ಬರು ನ್ಯಾಯಾಧೀಶರನ್ನು ಮುಂದುವರಿಸಬೇಕೋ ಬೇಡವೋ ಅನ್ನುವ ಪ್ರಶ್ನೆಗೆ, ಒಬ್ಬರಿಗೆ ಹೌದು ಇನ್ನೊಬ್ಬರಿಗೆ ಬೇಡ ಅಂದವರ ಕಾಗದದಲ್ಲಿ ಉತ್ತರ ಅದಲುಬದಲಾಗಿ ಮುದ್ರಣವಾಯಿತು. ಅದು ಪ್ರೋಗ್ರಾಮಿಂಗ್ ಮಾಡಿದ ಕಂಪನಿಯ ಸಿಬ್ಬಂದಿಯ ತಪ್ಪು. ಕೌಂಟಿಯ ಪರೀಕ್ಷೆಯಲ್ಲೂ ಅದು ಸಿಗಲಿಲ್ಲ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಮೊದಲನೆಯದು, ಮತದಾರ ಓದಿ ನೋಡಬಹುದಾದ ಕಾಗದ ಇರಲೇಬೇಕು. ಅದು ನಿಮ್ಮ ರಾಜ್ಯದಲ್ಲಿ ಈಗಾಗಲೇ ಇದೆ. ಎರಡನೆಯದು ಕರಾರಿಗೆ ಸಂಬಂಧಿಸಿದ್ದು: ಎರಡೂ ಸಲ ಮೆಷಿನ್ ಮುರಿದಿರಲಿಲ್ಲ, ಅದನ್ನು ಆ ಚುನಾವಣೆಗೆ ಸಜ್ಜು ಮಾಡುವ ಕೆಲಸ ಕೆಟ್ಟಿತ್ತು. ವಾರಂಟಿ ಕಲಮುಗಳು ಸಾಮಾನ್ಯವಾಗಿ ಮುರಿದ ಭಾಗ ಬದಲಿಸಿಕೊಡುವ ಬಗ್ಗೆ ಮಾತಾಡುತ್ತವೆ, ಈ ಸೇವೆಯ ಬಗ್ಗೆ ಅಲ್ಲ. ಮತಪತ್ರದ ಪ್ರೋಗ್ರಾಮಿಂಗ್ ಯಾರು ಮಾಡುತ್ತಾರೆ, ಎಷ್ಟು ದಿನ ಮುಂಚೆ ಕೊಡುತ್ತಾರೆ, ತಪ್ಪಿದರೆ ಏನು ಕೊಡುತ್ತಾರೆ ಅನ್ನುವುದು ಬೇರೆಯಾಗಿಯೇ ಇರಲಿ. ಸಾಧ್ಯವಾದರೆ ಕೌಂಟಿ ಸಿಬ್ಬಂದಿಗೇ ಅದನ್ನು ಕಲಿಸಿಕೊಡಬೇಕು ಅಂತ ತರಬೇತಿಯನ್ನೂ ಸೇರಿಸಿ. ಪ್ರತಿ ಚುನಾವಣೆಗೂ ಕಂಪನಿಯವರನ್ನೇ ಕರೆಯುವ ಸ್ಥಿತಿ ಬಂದರೆ, ಮುಂದಿನ ಸಲ ಬೆಲೆ ಹೇಳುವವರು ಅವರೇ.

ದೋಷ ಗೊತ್ತಾದರೆ ತಿಳಿಸಬೇಕು ಅನ್ನುವ ಕಲಮನ್ನು ಯಾವ ಕಾರಣಕ್ಕೂ ಬಿಡಬೇಡಿ. ಒಹಾಯೊದ ಬಟ್ಲರ್ ಕೌಂಟಿಯಲ್ಲಿ 2008ರ ಮಾರ್ಚ್ ಪ್ರೈಮರಿಯಲ್ಲಿ ಮೆಮೊರಿ ಕಾರ್ಡ್‌ಗಳಿಂದ ಮತಗಳನ್ನು ಕೇಂದ್ರ ಕಂಪ್ಯೂಟರ್‌ಗೆ ಹಾಕುವಾಗ ಕೆಲವು ಬಿಟ್ಟುಹೋಗುತ್ತಿದ್ದವು. ಪತ್ತೆ ಹಚ್ಚಿದ್ದು ಕೌಂಟಿಯ ಸಿಬ್ಬಂದಿ. ಕಂಪನಿ (ಡೀಬೋಲ್ಡ್, ಆಗ ಹೆಸರು ಪ್ರೀಮಿಯರ್) ಮೊದಲು ಕೌಂಟಿಯ ಆಂಟಿವೈರಸ್ ಮೇಲೆ ಗೂಬೆ ಕೂರಿಸಿತು. ಆಗಸ್ಟ್‌ನಲ್ಲಿ ತನ್ನದೇ ಸಾಫ್ಟ್‌ವೇರ್‌ನ ದೋಷ ಅಂತ ಒಪ್ಪಿತು. ಆ ದೋಷ ಹತ್ತು ವರ್ಷದಿಂದ ಇತ್ತು, ಆ ಸಾಫ್ಟ್‌ವೇರ್ 34 ರಾಜ್ಯಗಳಲ್ಲಿ ಇತ್ತು. ಒಂದು ಕೌಂಟಿಯಲ್ಲಿ ಸಿಕ್ಕ ತೊಂದರೆ ಪಕ್ಕದ ರಾಜ್ಯದ ಕೌಂಟಿಗೆ ತಾನಾಗಿ ತಿಳಿಯುವ ವ್ಯವಸ್ಥೆ ಆಗ ಇರಲಿಲ್ಲ. ನಾರ್ತ್ ಕೆರೊಲಿನಾದ ಕಾನೂನು ಇದನ್ನು ನೇರವಾಗಿ ಹೇಳುತ್ತದೆ: ಇದೇ ಮೆಷಿನ್‌ನಲ್ಲಿ ಎಲ್ಲೇ ದೋಷ ಕಂಡರೂ, ಯಾವ ರಾಜ್ಯ ಮಾನ್ಯತೆ ರದ್ದು ಮಾಡಿದರೂ ಇಲ್ಲಿಗೆ ತಿಳಿಸಬೇಕು. ನೀವು ಅದಕ್ಕೆ ಗಂಟೆಗಳ ಗಡುವನ್ನೂ ಸೇರಿಸಿ. ಹ್ಯಾಕಿಂಗ್ ಆದರೆ, ಕಂಪನಿಯ ಸರ್ವರ್ ಮೇಲೆ ದಾಳಿಯಾದರೆ, ಅದಕ್ಕೂ ಇದೇ ಗಡುವು.

ಬಿಚ್ಚಿ ನೋಡುವ ಹಕ್ಕು ಮುಂದಿನದು. 2008ರಲ್ಲಿ ನ್ಯೂಜೆರ್ಸಿಯ ಯೂನಿಯನ್ ಕೌಂಟಿಯಲ್ಲಿ ಸೆಕ್ವೊಯಾ ಕಂಪನಿಯ ಮೆಷಿನ್‌ಗಳ ಲೆಕ್ಕ ತಾಳೆಯಾಗಲಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿಗಳಿಗೆ ತೋರಿಸೋಣ ಅಂತ ಅಲ್ಲಿನ ಕೌಂಟಿ ಕ್ಲರ್ಕ್ (ಗುಮಾಸ್ತೆ ಅಲ್ಲ, ಚುನಾವಣೆ ನೋಡಿಕೊಳ್ಳುವ ಅಧಿಕಾರಿ) ಹೊರಟರು. ಇದು ಲೈಸೆನ್ಸ್ ಉಲ್ಲಂಘನೆ, ಕಾನೂನು ಕ್ರಮ ತೆಗೆದುಕೊಳ್ಳುತ್ತೇವೆ ಅಂತ ಕಂಪನಿ ಎಚ್ಚರಿಸಿತು. ಮೆಷಿನ್ ಕೌಂಟಿಯದ್ದು, ದುಡ್ಡು ಜನರದ್ದು, ನೋಡಲು ಮಾತ್ರ ಕಂಪನಿಯ ಅಪ್ಪಣೆ ಬೇಕು! ಆಮೇಲೆ ಅದೇ ರಾಜ್ಯದ ಒಂದು ಮೊಕದ್ದಮೆಯಲ್ಲಿ ಕೋರ್ಟು ಹೇಳಿದ ಮೇಲಷ್ಟೇ ತಜ್ಞರು ಆ ಬಗೆಯ ಮೆಷಿನ್ ಪರೀಕ್ಷಿಸಲು ಆಯಿತು. ನಿಮ್ಮ ಕರಡಿನ ಸಾಫ್ಟ್‌ವೇರ್ ಲೈಸೆನ್ಸ್ ಪುಟ ತೆಗೆದು ನೋಡಿ. ‘ಮೂರನೆಯವರಿಗೆ ತೋರಿಸಬಾರದು’ ಅಂತ ಇದ್ದರೆ, ‘ಕೌಂಟಿ, ರಾಜ್ಯ ಅಥವಾ ಕೋರ್ಟು ನೇಮಿಸಿದ ತಜ್ಞರನ್ನು ಬಿಟ್ಟು’ ಅಂತ ಸೇರಿಸಿ.

ಹಾಗಂತ ಯಾರು ಬೇಕಾದರೂ ಬಂದು ಕೈಹಾಕಲಿ ಅಂತಲೂ ಅಲ್ಲ. ನಿಮ್ಮ ರಾಜ್ಯದ ಫುಲ್ಟನ್ ಕೌಂಟಿ ಹೊರಗಿನ ಖಾಸಗಿ ಸಂಸ್ಥೆಗೆ ಮೆಷಿನ್‌ಗಳನ್ನು ಒಪ್ಪಿಸಿತು ಅನ್ನುವ ಕಾರಣಕ್ಕೆ 2021ರ ಜುಲೈನಲ್ಲಿ ರಾಜ್ಯ ಅವುಗಳ ಮಾನ್ಯತೆಯನ್ನೇ ತೆಗೆಯಿತು. ಅರಿಜೋನಾದ ಮರಿಕೋಪಾ ಕೌಂಟಿಯಲ್ಲಿ ರಾಜ್ಯದ ಸೆನೆಟ್ ಕರೆಸಿದ ಸಂಸ್ಥೆಯ ಕೈಗೆ ಹೋಗಿ ಬಂದ ಮೆಷಿನ್‌ಗಳನ್ನು ಮತ್ತೆ ಬಳಸಲಾಗಲಿಲ್ಲ. ಬದಲಿಸಲು ಸುಮಾರು 28 ಲಕ್ಷ ಡಾಲರ್ ಬೇಕಾಯಿತು. ಯಾರು ನೋಡಬಹುದು, ಯಾರ ಸಮ್ಮುಖದಲ್ಲಿ, ಸೀಲ್ ನಂಬರ್ ಎಲ್ಲಿ ಬರೆಯಬೇಕು ಅಂತ ಕರಾರಿನಲ್ಲೇ ಇರಲಿ. ಕಂಪನಿಯ ಎಂಜಿನಿಯರ್‌ಗೂ ಇದೇ ನಿಯಮ. ದೂರದಿಂದ ಇಂಟರ್ನೆಟ್ ಮೂಲಕ ಒಳಗೆ ಬರುವ ದಾರಿ ಯಾವುದೂ ಇರಕೂಡದು, ಮೋಡೆಮ್ ಇರಕೂಡದು. ಎಲ್ಲ ಪಾಸ್‌ವರ್ಡ್ ಕೌಂಟಿಯ ಬಳಿಯೂ ಇರಬೇಕು.

ಸೋರ್ಸ್ ಕೋಡ್ ಠೇವಣಿ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಬೇಡ ಅಂತಲ್ಲ. ಬರೀ ಕೋಡ್ ಲಾಕರ್‌ನಲ್ಲಿ ಇಟ್ಟರೆ ಅದು ಯಾರಿಗೂ ಉಪಯೋಗಕ್ಕೆ ಬರಲ್ಲ. ಅದರಿಂದ ಸಾಫ್ಟ್‌ವೇರ್ ಕಟ್ಟಲು ಬೇಕಾದ ಸಾಧನ, ಸೂಚನೆ, ಪ್ರತಿ ಹೊಸ ವರ್ಷನ್ ಎಲ್ಲ ಜೊತೆಗಿರಬೇಕು. ಕಟ್ಟಿ ನೋಡಿದ್ದೇವೆ ಅಂತ ಠೇವಣಿ ಇಟ್ಟುಕೊಂಡ ಮೂರನೆಯವರು ಹೇಳಬೇಕು. ಕಂಪನಿ ಮುಳುಗಿದರೆ ಅಥವಾ ಸಪೋರ್ಟ್ ನಿಲ್ಲಿಸಿದರೆ ಕೌಂಟಿಗೆ ಬಿಡುಗಡೆ ಆಗಬೇಕು. ಇಷ್ಟಿದ್ದರೆ ಸಾಕು, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಅದಕ್ಕಿಂತ ನಾಳೆ ಕಂಪನಿ ಯಾರ ಕೈಗೆ ಹೋಗುತ್ತದೆ ಅನ್ನುವುದನ್ನು ಯೋಚಿಸಿ. ಡೀಬೋಲ್ಡ್‌ನಿಂದ ಮೆಷಿನ್ ಕೊಂಡ ಕೌಂಟಿಯನ್ನೇ ತೆಗೆದುಕೊಳ್ಳಿ. 2007ರಲ್ಲಿ ಅದು ಪ್ರೀಮಿಯರ್ ಆಯಿತು. 2009ರಲ್ಲಿ ಇಎಸ್ ಅಂಡ್ ಎಸ್ ಕೊಂಡುಕೊಂಡಿತು. ಪೈಪೋಟಿ ಸಾಯುತ್ತದೆ ಅಂತ ಕೇಂದ್ರದ ನ್ಯಾಯ ಇಲಾಖೆ ತಡೆದಿದ್ದರಿಂದ 2010ರಲ್ಲಿ ಡೊಮಿನಿಯನ್‌ಗೆ ಹೋಯಿತು. ಅದು ಈಗ ಲಿಬರ್ಟಿ ವೋಟ್. ಕಂಪನಿ ಮಾರಾಟವಾದರೆ ಮೊದಲೇ ತಿಳಿಸಬೇಕು, ಹೊಸ ಮಾಲೀಕ ಹಳೆಯ ಎಲ್ಲ ಷರತ್ತಿಗೂ ಬದ್ಧ, ಬೇಡ ಅನ್ನಿಸಿದರೆ ಕೌಂಟಿ ದಂಡವಿಲ್ಲದೆ ಹೊರಬರಬಹುದು. ಈ ಮೂರೂ ಬೇಕು. ಮಾಲೀಕರು ಯಾರು ಅನ್ನುವುದನ್ನೂ ಬರೆಸಿಕೊಳ್ಳಿ. 2019ರಲ್ಲಿ ನಾರ್ತ್ ಕೆರೊಲಿನಾ 5 ಶೇಕಡ ಅಥವಾ ಹೆಚ್ಚು ಪಾಲಿರುವ ಎಲ್ಲರ ಹೆಸರು ಕೇಳಿತು. ಅದಕ್ಕೆ ಹಿಂದಿನ ವರ್ಷ ಮೇರಿಲ್ಯಾಂಡ್‌ನಲ್ಲಿ ಮತದಾರರ ನೋಂದಣಿ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಬೈಟ್‌ಗ್ರಿಡ್ ಕಂಪನಿಯ ಹಿಂದೆ ರಷ್ಯಾದ ಶ್ರೀಮಂತ ವ್ಲಾದಿಮಿರ್ ಪೊಟಾನಿನ್ ಹೂಡಿಕೆ ಇದೆ ಅಂತ ಎಫ್‌ಬಿಐ ಬಂದು ಹೇಳಿದ ಮೇಲಷ್ಟೇ ರಾಜ್ಯಕ್ಕೆ ಗೊತ್ತಾಗಿತ್ತು. ಉಪಗುತ್ತಿಗೆದಾರರ ಪಟ್ಟಿಯೂ ಬೇಕು.

ಕಂಪನಿಯ ಪರವಾಗಿ ಅಧಿಕಾರಿಗಳ ಬಳಿ ಲಾಬಿ ಮಾಡುವವರು, ಚುನಾವಣಾ ದೇಣಿಗೆ ಇವುಗಳನ್ನು ಬಹಿರಂಗ ಮಾಡಬೇಕು ಅನ್ನುವ ಕಲಮಿಗೆ ದಂಡದ ಮೊತ್ತ ಕಟ್ಟಿ. ಫಿಲಡೆಲ್ಫಿಯಾ 2019ರಲ್ಲಿ 2.9 ಕೋಟಿ ಡಾಲರ್‌ಗೆ ಮೆಷಿನ್ ಕೊಂಡಿತು. ತನ್ನ ಲಾಬಿಗರು ಚುನಾವಣಾ ಕಮಿಷನರ್‌ಗಳಿಗೆ ಕೊಟ್ಟ ದೇಣಿಗೆಯನ್ನು ಕಂಪನಿ ತಿಳಿಸಿರಲಿಲ್ಲ. ಅದು ಹೊರಬಿದ್ದಾಗ ನಗರ 29 ಲಕ್ಷ ಡಾಲರ್ ದಂಡ ಹಾಕಿತು. ಸರಿಯಾಗಿ ಹತ್ತರಲ್ಲೊಂದು ಪಾಲು. ಇಷ್ಟಾದರೂ ಖರೀದಿ ನಿಲ್ಲಲಿಲ್ಲ, ಅಷ್ಟು ಹೊತ್ತಿಗೆ ತಡವಾಗಿತ್ತು. ಆದರೆ ದಂಡ ವಸೂಲಿ ಮಾಡಲು ನಿಯಮ ಮೊದಲೇ ಇತ್ತು ನೋಡಿ, ಅದೇ ಕೈ ಹಿಡಿಯಿತು.

ಬೆಲೆಯ ವಿಚಾರಕ್ಕೆ ಬಂದರೆ, ಮೊದಲ ಪುಟದ ಮೊತ್ತ ನೋಡಿ ಖುಷಿಪಡಬೇಡಿ. ವರ್ಷ ವರ್ಷ ಕಟ್ಟುವ ಸಾಫ್ಟ್‌ವೇರ್ ಲೈಸೆನ್ಸ್, ಮೇಂಟೆನೆನ್ಸ್, ಪ್ರತಿ ಚುನಾವಣೆಯ ಪ್ರೋಗ್ರಾಮಿಂಗ್, ಬ್ಯಾಟರಿ, ಇವರದ್ದೇ ಆಗಬೇಕು ಅನ್ನುವ ಕಾಗದ, ಇವನ್ನೆಲ್ಲ ಹತ್ತು ವರ್ಷಕ್ಕೆ ಕೂಡಿ ಹೇಳಿ ಅನ್ನಿ. ವರ್ಷಕ್ಕೆ ಎಷ್ಟು ಏರಿಸಬಹುದು ಅನ್ನುವುದಕ್ಕೆ ಮಿತಿ ಹಾಕಿ. ವಿಂಡೋಸ್ 7ಗೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿದಾಗ ಅದರ ಮೇಲೇ ಓಡುತ್ತಿದ್ದ ಚುನಾವಣಾ ಕಂಪ್ಯೂಟರ್‌ಗಳು ದೇಶದ ಎಷ್ಟೋ ಕೌಂಟಿಗಳಲ್ಲಿದ್ದವು. ಆಪರೇಟಿಂಗ್ ಸಿಸ್ಟಮ್ ಹಳತಾದರೆ ಹೊಸದು ಹಾಕಿ, ಮತ್ತೆ ಸರ್ಟಿಫಿಕೇಟ್ ತರುವ ಖರ್ಚು ಕಂಪನಿಯದ್ದು ಅಂತ ಇರಲಿ. ಲಾಸ್ ಏಂಜಲಿಸ್ ಕೌಂಟಿ ಈ ತಲೆನೋವೇ ಬೇಡ ಅಂತ ತನ್ನದೇ ವಿನ್ಯಾಸ ಮಾಡಿಸಿ, ಅದರ ಹಕ್ಕನ್ನೂ ತಾನೇ ಇಟ್ಟುಕೊಂಡಿತು. ಸುಮಾರು 30 ಕೋಟಿ ಡಾಲರ್ ಖರ್ಚಿನ ಮಾತು, ನಿಮ್ಮಂಥ ಕೌಂಟಿಗೆ ಆಗುವಂಥದ್ದಲ್ಲ.

ಕೊನೆಗೆ ನಿಮ್ಮ ಲೀಸ್ ಪ್ರಶ್ನೆ. ಸಣ್ಣ, ಮಧ್ಯಮ ಕೌಂಟಿಗೆ ನಾನು ಲೀಸ್ ಪರ. ಮಾನದಂಡ 2.0ರ ಮೆಷಿನ್‌ಗಳು ಈಗಷ್ಟೇ ಬರುತ್ತಿರುವಾಗ ಹದಿನೈದು ವರ್ಷಕ್ಕೆ ಕೊಂಡು ಸಿಕ್ಕಿಹಾಕಿಕೊಳ್ಳಬಾರದು. ಆದರೆ ಲೀಸ್ ಪತ್ರದಲ್ಲಿ ಮೂರು ಸಾಲು ಇಲ್ಲದಿದ್ದರೆ ಕೊಳ್ಳುವುದೇ ವಾಸಿ. ಒಂದು, ಮುಂದಿನ ಬಜೆಟ್‌ನಲ್ಲಿ ಹಣ ಸಿಗದಿದ್ದರೆ ದಂಡವಿಲ್ಲದೆ ಬಿಡುವ ಹಕ್ಕು. ಎರಡು, ರಾಜ್ಯ ಮಾನ್ಯತೆ ತೆಗೆದರೆ ಅಂದಿನಿಂದಲೇ ಬಾಡಿಗೆ ನಿಲ್ಲಬೇಕು, ಮಾನ್ಯತೆ ಇರುವ ಬದಲಿ ಮೆಷಿನ್ ಬರಬೇಕು. ತಪ್ಪು ಕೌಂಟಿಯದ್ದಾದರೆ ಮಾತ್ರ ಬೇರೆ. ಮೂರು, ವಾಪಸ್ ಕೊಡುವಾಗ ಮತಗಳ ದಾಖಲೆ ಇರುವ ಮೆಮೊರಿ ಎಲ್ಲ ಕೌಂಟಿಯಲ್ಲೇ ಉಳಿಯಬೇಕು. ಫೆಡರಲ್ ಚುನಾವಣೆಯ ದಾಖಲೆಗಳನ್ನು 22 ತಿಂಗಳು ಇಟ್ಟುಕೊಳ್ಳಬೇಕು ಅಂತ ಕಾನೂನೇ ಇದೆ, ಲೀಸ್ ಮುಗಿಯುವ ತಾರೀಕು ಅದನ್ನು ಮುರಿಯಬಾರದು.

ಸಹಿಯ ತಾರೀಕನ್ನೂ ಈಗಲೇ ಲೆಕ್ಕ ಹಾಕಿ. ಹೊಸ ಮೆಷಿನ್‌ನ ಮೊದಲ ಬಳಕೆ ಅಧ್ಯಕ್ಷೀಯ ಚುನಾವಣೆಯಲ್ಲಿ ಆಗಕೂಡದು, ಅದಕ್ಕೆ ಮುಂಚಿನ ಒಂದು ಸಣ್ಣ ಸ್ಥಳೀಯ ಚುನಾವಣೆಯಲ್ಲಿ ಆಗಲಿ. ಅಕ್ಕಪಕ್ಕದ ಕೌಂಟಿಗಳು ಇದೇ ಕಂಪನಿ ಜೊತೆ ಮಾಡಿಕೊಂಡ ಕರಾರುಗಳು ಸಾರ್ವಜನಿಕ ದಾಖಲೆ, ನಿಮ್ಮ ರಾಜ್ಯದ ಮಾಹಿತಿ ಹಕ್ಕಿನ ಕಾನೂನಿನಡಿ ಅರ್ಜಿ ಹಾಕಿದರೆ ಸಿಗುತ್ತವೆ. ಎರಡು ಮೂರು ತರಿಸಿ ಪಕ್ಕಪಕ್ಕ ಇಟ್ಟು ಓದಿ. ‘ಇದನ್ನು ನಾವು ಯಾರಿಗೂ ಒಪ್ಪಲ್ಲ’ ಅಂತ ಕಂಪನಿ ಹೇಳುವ ಕಲಮು ಪಕ್ಕದ ಕೌಂಟಿಯ ಕರಾರಿನಲ್ಲಿ ಸಹಿ ಸಮೇತ ಇರುವ ಸಾಧ್ಯತೆ ಜಾಸ್ತಿ.